ಕಂಪ್ಯೂಟರ್ ಅಪ್‌ಡೇಟ್: ಮೊದಲು ಮುಂಜಾಗ್ರತೆ



ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಭದ್ರತೆಗಾಗಿ ವಿಂಡೋಸ್ 11ಕ್ಕೆ ಹೋಗುವುದು ಸರಿಯೇ. ಆದರೆ ಅವಸರ ಬೇಡ. 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ಒಂದು ಅಪ್‌ಡೇಟ್ ಕೆಲವರ ಕಡತಗಳನ್ನೇ ಅಳಿಸಿಹಾಕಿತ್ತು. ಕಂಪನಿ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ವಿಂಡೋಸನ್ನು ಮತ್ತೆ ಹಾಕಿಸಬಹುದು. ತಿಂಗಳುಗಟ್ಟಲೆ ದುಡಿದು ಬರೆದ ಪ್ರಾಜೆಕ್ಟ್ ವರದಿ ಮತ್ತೆ ಸಿಗುತ್ತದೆಯೇ?

ಆದ್ದರಿಂದ ಮೊದಲು ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ; ತೆರೆಯಲಾಗದ ಪ್ರತಿ ಇದ್ದೂ ಇಲ್ಲದಂತೆ.

ಎರಡನೆಯದಾಗಿ, ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇವೆಯೇ ಎಂದು ಪರೀಕ್ಷಿಸಿ.

ಮೂರನೆಯದಾಗಿ, ಉರ್ದುವಿಗೆ ಬಳಸುವ ಇನ್‌ಪೇಜ್, ಕನ್ನಡಕ್ಕೆ ಬಳಸುವ ನುಡಿ, ಹಾಗೆಯೇ ನಿಮ್ಮ ಪ್ರಿಂಟರ್ ಹೊಸದರಲ್ಲಿ ನಡೆಯುತ್ತವೆಯೇ ಎಂದು ವಿಚಾರಿಸಿ.

ನಾಲ್ಕನೆಯದಾಗಿ, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಡಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ನಡುವೆ ಕರೆಂಟ್ ಹೋದರೆ ಕಂಪ್ಯೂಟರ್ ಮತ್ತೆ ಆರಂಭವಾಗದೇ ನಿಲ್ಲಬಹುದು.

ಪರೀಕ್ಷೆಯ, ಅರ್ಜಿಯ ಕೊನೆಯ ದಿನದ ಹಿಂದಿನ ರಾತ್ರಿ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ. ಒಂಟೆಯನ್ನು ಕಟ್ಟಿದ ಮೇಲೆಯೇ ತವಕ್ಕುಲ್ ಎಂಬುದನ್ನು ನಾವು ಬಲ್ಲೆವಲ್ಲವೇ?