ಸೊಪ್ಪಿನ ಮರಕ್ಕೆ ಮಣ್ಣು, ಗೂಡಿಗೆ ದರ



ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆಯಿಂದ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ತರ್ತೀರಿ. ಹರಾಜಿನಲ್ಲಿ ದರ ಕೂಗ್ತಾರೆ. ಸೊಪ್ಪು ಬೆಳೆಯಲು ಬಿದ್ದ ಖರ್ಚನ್ನು ಯಾರೂ ಕೇಳೋದಿಲ್ಲ.

ನಮ್ಮದು ಕೆಂಪು ಮಣ್ಣು, ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ. ಹಿಪ್ಪುನೇರಳೆಯನ್ನು ಒತ್ತಾಗಿ ನೆಟ್ಟರೆ ಬೋರು ಕೈಕೊಟ್ಟ ಕೂಡಲೇ ಸೊಪ್ಪು ಬಾಡುತ್ತದೆ. ಹತ್ತಡಿಗೊಂದು ಮರ ಮಾಡಿ, ಎಕರೆಗೆ ಸುಮಾರು 435 ಬರುತ್ತವೆ. ಬೇರು ಆಳಕ್ಕಿಳಿದು ಬರ ತಡೆಯುತ್ತದೆ. ಗುಂಡಿಗೆ ಕೊಟ್ಟಿಗೆ ಗೊಬ್ಬರ, ಕೆರೆಗೋಡು ತುಂಬಿ. ಕಾಂಡ ಬಲಿಯುವ ತನಕ ಸೊಪ್ಪಿನ ಆಸೆ ಬೇಡ. ಬರೀ ಯೂರಿಯಾ ಸುರಿದರೆ ಸೊಪ್ಪು ನೋಡೋಕೆ ಕಡುಹಸಿರು, ಒಳಗೆಲ್ಲ ನೀರು. ಅದನ್ನು ತಿಂದ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ರೋಗಕ್ಕೆ ಬೀಳುತ್ತೆ; ಒಟ್ಟು ಸೊಪ್ಪಿನಲ್ಲಿ ಮುಕ್ಕಾಲಿಗೂ ಮಿಕ್ಕಿ ಖರ್ಚಾಗೋದು ಆ ಹಂತದಲ್ಲೇ. ಗೂಡು ಹೋಯ್ತು, ಗೊಬ್ಬರದಂಗಡಿ ಸಾಲ ಉಳೀತು.

ಮಣ್ಣು ಸರಿಮಾಡೋದು ನಮ್ಮ ಕೈಲಿದೆ. ದರ? 2011ರಲ್ಲಿ ದಿಲ್ಲಿ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿತು, ಗೂಡಿನ ಬೆಲೆ ಕುಸಿಯಿತು. 2013ರಲ್ಲಿ 15ಕ್ಕೆ ಏರಿಸಿದರು. ಅಷ್ಟರಲ್ಲಿ ತೋಟ ಕಿತ್ತವರು ಕಿತ್ತಾಗಿತ್ತು.

ಗೊಬ್ಬರ, ಆಳು, ಬೋರಿನ ಸಾಲದ ಬಡ್ಡಿ ಎಲ್ಲ ಸೇರಿಸಿ, ಕೆ.ಜಿ. ಸೊಪ್ಪಿಗೆ ಎಷ್ಟು ಬಿತ್ತು ಅಂತ ಬರೆದಿಡಿ. ಮುಂದಿನ ಸಭೆಗೆ ಆ ಪುಸ್ತಕ ತನ್ನಿ.