ಹೇರು ಯಾರದು, ಹೊಣೆ ಯಾರದು?

ಕನ್ನಡದಲ್ಲಿ ಭಾರಕ್ಕೆ ಹೆಸರು ಹಲವು. ಮನುಷ್ಯನು ತಲೆಯ ಮೇಲೆ ಹೊತ್ತದ್ದು ಹೊರೆ; ಎತ್ತು ಕೋಣಗಳ ಬೆನ್ನಿಗೆ ಏರಿಸಿದ್ದು ಹೇರು. ಹಳಗನ್ನಡದವರು ಇವನ್ನೇ ಪೊಱೆ, ಪೇಱು ಎಂದರು. ನಮ್ಮ ಶಾಸನಗಳಲ್ಲಿ ವರ್ತಕರು ದೇವಾಲಯಗಳಿಗೆ ಬಿಟ್ಟ ದತ್ತಿಯನ್ನೂ ಸರಕಿನ ಮೇಲಣ ಸುಂಕವನ್ನೂ ಹೇರಿನ ಲೆಕ್ಕದಲ್ಲಿ ಹೇಳಿರುವುದುಂಟು. ಆ ಕಾಲದ ಹೇರಿಗೆ ಸಹಜವಾದ ಒಂದು ಮಿತಿ ಇತ್ತು. ಭಾರ ಮಿತಿಮೀರಿದರೆ ಎತ್ತು ಮಲಗಿಬಿಡುತ್ತಿತ್ತು, ಏರಿಸಿದವನೇ ಇಳಿಸಬೇಕಾಗುತ್ತಿತ್ತು. ಈಗ ಹೇರನ್ನು ಹೊರುವುದು ಲಾರಿ. ಲಾರಿ ಮಲಗುವುದಿಲ್ಲ, ಮುಲುಕುತ್ತ ಸಾಗುತ್ತದೆ. ಎತ್ತು ತಾನಾಗಿ ಹೇಳುತ್ತಿದ್ದ ಮಾತನ್ನು ಈಗ ಕಾಯಿದೆಯು ಹೇಳಬೇಕಾಗಿ ಬಂದಿದೆ. ಆ ಕಾಯಿದೆಯಿಂದ ಲಾರಿಯ ಚಾಲಕನಿಗೆ ಒದಗಿರುವ ಪಾಡನ್ನು ಕುರಿತು ಕೆಲವು ಮಾತುಗಳನ್ನು ಆಡಬೇಕೆಂದಿದ್ದೇನೆ.

ನಾನು ಈ ವಿಷಯವನ್ನು ನೋಡುವುದು ಮೇಗರವಳ್ಳಿಯ ಕಡೆಯಿಂದ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಹೆದ್ದಾರಿಯಲ್ಲಿ ಸಿಕ್ಕುವ ಊರು ಇದು. ಸಾಹಿತ್ಯಾಭ್ಯಾಸಿಗಳಿಗೆ ಈ ಊರಿನ ಹೆಸರು ಹೊಸದಲ್ಲ. ೧೯೬೭ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಮೇಗರವಳ್ಳಿ ಬರುತ್ತದೆ. ಬೈಸಿಕಲ್ಲು ಎಂಬ ಹೊಸ ವಾಹನವನ್ನು ಮಲೆನಾಡಿನ ಜನ ಬೆರಗಿನಿಂದ ನೋಡುವ ಸನ್ನಿವೇಶವೂ ಬರುತ್ತದೆ. ಕಾಲುದಾರಿಯಲ್ಲಿ ಬೈಸಿಕಲ್ಲು ಉರುಳಿದ ಆ ಸೀಮೆಯಲ್ಲಿ ಈಗ ಹತ್ತು ಚಕ್ರದ ಲಾರಿಗಳು ಉರುಳುತ್ತಿವೆ. ಘಟ್ಟದ ಕೆಳಗಿನಿಂದ ಕೆಂಪುಕಲ್ಲು, ಹಂಚು, ಮೀನು, ಉಪ್ಪು ಮೇಲಕ್ಕೆ ಬರುತ್ತವೆ. ಮೇಲಿನಿಂದ ಅಡಕೆ, ಅಕ್ಕಿ, ಮರಮುಟ್ಟು ಕೆಳಕ್ಕೆ ಇಳಿಯುತ್ತವೆ. ಮಲೆನಾಡಿಗೂ ಕರಾವಳಿಗೂ ಕೊಡುಕೊಳ್ಳುವಿಕೆ ಹಿಂದಿನಿಂದಲೂ ಉಂಟು; ಹೊರುವ ಪ್ರಾಣಿ ಮಾತ್ರ ಬದಲಾಗಿದೆ.

ಮೇಗರವಳ್ಳಿಯನ್ನು ದಾಟಿ ಮುಂದೆ ಹೋದರೆ ಆಗುಂಬೆ. ಅಲ್ಲಿಂದ ರಸ್ತೆ ಸೋಮೇಶ್ವರದ ಕಡೆಗೆ ಧುಮುಕುತ್ತದೆ. ಸಮುದ್ರಮಟ್ಟದಿಂದ ಸುಮಾರು ೬೫೦ ಮೀಟರು ಎತ್ತರದ ಆಗುಂಬೆಯಿಂದ ಇಳಿಯುವ ಈ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಒಂದು ಕಡೆ ನೀರು ಕುಡಿದು ಸಡಿಲವಾದ ಗುಡ್ಡ, ಇನ್ನೊಂದು ಕಡೆ ಆಳವಾದ ಕಣಿವೆ, ನಡುವೆ ಕಿರಿದಾದ ರಸ್ತೆ. ಬಹುಕಾಲದಿಂದ ಈ ಘಾಟಿಯಲ್ಲಿ ಪ್ರಯಾಣಿಕರನ್ನು ಒಯ್ಯುತ್ತ ಬಂದಿರುವುದು ಮಿನಿ ಬಸ್ಸುಗಳು ಎಂಬುದೇ ರಸ್ತೆಯ ಸ್ವಭಾವವನ್ನು ಹೇಳುತ್ತದೆ. ೨೦೨೨ರ ಜುಲೈ ತಿಂಗಳಲ್ಲಿ ಇಲ್ಲಿ ಗುಡ್ಡ ಕುಸಿದು ಸಂಚಾರ ನಿಂತುಹೋಯಿತು. ಮರುವರ್ಷ, ೨೦೨೩ರಲ್ಲಿ, ಜುಲೈ ಕೊನೆಯಿಂದ ಸೆಪ್ಟೆಂಬರ್ ನಡುಭಾಗದವರೆಗೆ ಭಾರಿ ವಾಹನಗಳನ್ನು ತಡೆದು ಆಜ್ಞೆಯಾಯಿತು. ಮಳೆಗಾಲದಲ್ಲಿ ಇಂಥ ತಡೆ ಈಚೆಗೆ ಅಪರೂಪವಲ್ಲ. ತಡೆಯಾದಾಗ ಲಾರಿಗಳಿಗೆ ತೋರಿಸುವ ದಾರಿ ತೀರ್ಥಹಳ್ಳಿಯಿಂದ ಮಾಸ್ತಿಕಟ್ಟೆ, ಬಾಳೆಬರೆ ಘಾಟಿ, ಸಿದ್ದಾಪುರ, ಕುಂದಾಪುರಗಳ ಮೂಲಕ ಉಡುಪಿಗೆ. ನಕ್ಷೆಯ ಮೇಲೆ ಅದು ಒಂದು ಬೆರಳಿನ ಬಾಗು. ಚಕ್ರದ ಮೇಲೆ ಹತ್ತಾರು ಕಿಲೋಮೀಟರುಗಳ ಸುತ್ತು, ಮತ್ತು ಅದೂ ಘಟ್ಟವೇ.

ಈ ನಿರ್ಬಂಧ ನಮ್ಮ ಸೀಮೆಗೆ ಮಾತ್ರ ಬಂದದ್ದಲ್ಲ. ೨೦೧೮ರ ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿಯಿತು; ೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಜರಿದು, ಅಲ್ಲಿ ಭಾರಿ ವಾಹನಗಳಿಗೆ ಬಹುಕಾಲ ಪ್ರವೇಶವಿಲ್ಲದೆ ಹೋಯಿತು. ಒಂದು ಘಟ್ಟ ಮುಚ್ಚಿದರೆ ಅದರ ಹೇರು ಇನ್ನೊಂದರ ಮೇಲೆ ಬೀಳುತ್ತದೆ. ದಾರಿಯಲ್ಲಿರುವ ಸಣ್ಣ ಪಟ್ಟಣಗಳ ಪೇಟೆಬೀದಿಗಳು, ಎತ್ತಿನ ಗಾಡಿಯ ಕಾಲದಲ್ಲಿ ಅಗಲ ಕಂಡ ಬೀದಿಗಳು, ಈ ಭಾರವನ್ನು ಹೊರಬೇಕಾಗುತ್ತದೆ.

ರಸ್ತೆಗೆ ಭಾರದಿಂದ ಆಗುವ ಕೇಡಿನ ಲೆಕ್ಕ ಸ್ವಲ್ಪ ವಿಚಿತ್ರವಾದದ್ದು. ಭಾರ ಒಂದೂವರೆಯಾದರೆ ಕೇಡೂ ಒಂದೂವರೆ ಆಗುತ್ತದೆಂದು ನಾವು ತಿಳಿದಿರುತ್ತೇವೆ. ೧೯೫೮ರಿಂದ ೧೯೬೦ರವರೆಗೆ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಇಂಜಿನಿಯರುಗಳು ಪರೀಕ್ಷೆಗೆಂದೇ ರಸ್ತೆಗಳನ್ನು ಕಟ್ಟಿಸಿ, ಬೇರೆ ಬೇರೆ ಭಾರದ ಲಾರಿಗಳನ್ನು ಅವುಗಳ ಮೇಲೆ ಎರಡು ವರ್ಷ ಓಡಿಸಿ ನೋಡಿದರು. ಒಂದು ಅಚ್ಚಿನ ಮೇಲೆ ಬೀಳುವ ಭಾರ ಇಮ್ಮಡಿಯಾದರೆ ರಸ್ತೆಯ ಸವೆತ ಹೆಚ್ಚುಕಡಮೆ ಹದಿನಾರು ಮಡಿಯಾಗುವುದೆಂದು ಅವರಿಗೆ ಕಂಡುಬಂದಿತು. ಎರಡೆರಡ್ಲ ನಾಲ್ಕು, ನಾಲ್ಕೆರಡ್ಲ ಎಂಟು, ಎಂಟೆರಡ್ಲ ಹದಿನಾರು ಎಂದು ಮಗ್ಗಿ ಹೇಳುವ ಹುಡುಗನಿಗೂ ಇದು ತಿಳಿಯುತ್ತದೆ. ಹತ್ತು ಟನ್ನು ಹೊರಬೇಕಾದ ಅಚ್ಚಿನ ಮೇಲೆ ಹನ್ನೆರಡು ಟನ್ನು ಬಿದ್ದರೂ ಸವೆತ ಎರಡರಷ್ಟಾಗುತ್ತದೆ. ಹೆಚ್ಚಾದದ್ದು ಎರಡೇ ಟನ್ನು. ಬಾಳಿಕೆಯಲ್ಲಿ ಹೋದದ್ದು ಅರ್ಧ.

ಘಟ್ಟದಲ್ಲಿ ಇನ್ನೂ ಒಂದು ಅಪಾಯವುಂಟು. ಇಳಿಜಾರಿನಲ್ಲಿ ಭಾರವೇ ವಾಹನವನ್ನು ಮುಂದಕ್ಕೆ ನೂಕುತ್ತದೆ. ಅನುಭವಿಯಾದ ಚಾಲಕನು ಕೆಳಗಿನ ಗೇರಿನಲ್ಲಿ, ಇಂಜಿನ್ನಿನ ಹಿಡಿತದಲ್ಲಿ ಇಳಿಯುತ್ತಾನೆ. ಆದರೆ ಭಾರ ಮಿತಿಮೀರಿದಾಗ ಬ್ರೇಕನ್ನು ಮತ್ತೆ ಮತ್ತೆ ಒತ್ತಬೇಕಾಗುತ್ತದೆ. ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಉದ್ದವಾದ ಲಾರಿ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗದೆ, ಹಿಂದೆ ಮುಂದೆ ಆಡುತ್ತ ಸಿಕ್ಕಿಕೊಂಡರೆ, ಮೇಲಿನ ಸಾಲು ಮೇಲೆ, ಕೆಳಗಿನ ಸಾಲು ಕೆಳಗೆ. ಆ ಸಾಲಿನಲ್ಲಿ ಮಣಿಪಾಲದ ಆಸ್ಪತ್ರೆಗೆ ರೋಗಿಯನ್ನು ಒಯ್ಯುತ್ತಿರುವ ಗಾಡಿ ಇರಬಹುದು. ತೀರ್ಥಹಳ್ಳಿಯ ಸುತ್ತಿನವರು ಕಠಿಣವಾದ ಕಾಯಿಲೆ ಬಂದಾಗ ನೆನೆಯುವುದು ಈ ದಾರಿಯನ್ನೇ. ಆದಕಾರಣ ನಿರ್ಬಂಧ ಬೇಡವೆಂದು ಹೇಳುವ ಧೈರ್ಯ ನನಗಿಲ್ಲ. ಮೇಗರವಳ್ಳಿಯಲ್ಲಿರುವ ಯಾರಿಗೂ ಇರಲಾರದು.

ಹಾಗಾದರೆ ಕಷ್ಟ ಎಲ್ಲಿದೆ? ನಿರ್ಬಂಧದ ನೋವು ಯಾರ ಮೇಲೆ ಬೀಳುತ್ತದೆ ಎಂಬಲ್ಲಿದೆ. ಕಾಯಿದೆಯ ಲೆಕ್ಕವನ್ನು ಮೊದಲು ನೋಡೋಣ. ೨೦೧೮ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಲಾರಿಗಳ ಭಾರಮಿತಿಯನ್ನು ಏರಿಸಿತು. ಎರಡು ಅಚ್ಚಿನ, ಆರು ಚಕ್ರದ ಲಾರಿಗೆ ಸರಕೂ ಸೇರಿ ೧೬.೨ ಟನ್ನು ಇದ್ದದ್ದು ೧೮.೫ ಟನ್ನಾಯಿತು, ಮೂರು ಅಚ್ಚಿನ, ಹತ್ತು ಚಕ್ರದ ಲಾರಿಗೆ ೨೫ ಇದ್ದದ್ದು ೨೮.೫ ಆಯಿತು. ಮರುವರ್ಷ, ೨೦೧೯ರಲ್ಲಿ, ಮೋಟಾರು ವಾಹನ ಕಾಯಿದೆಯನ್ನು ತಿದ್ದಿ, ಮಿತಿ ಮೀರಿದರೆ ಇಪ್ಪತ್ತು ಸಾವಿರ ರೂಪಾಯಿ, ಹೆಚ್ಚಾದ ಒಂದೊಂದು ಟನ್ನಿಗೂ ಮತ್ತೆ ಎರಡು ಸಾವಿರ ರೂಪಾಯಿ ದಂಡವೆಂದು ಗೊತ್ತುಮಾಡಿತು. ಹಿಂದೆ ಇದು ಎರಡು ಸಾವಿರ ಮತ್ತು ಟನ್ನಿಗೆ ಒಂದು ಸಾವಿರ ಇತ್ತು. ದಂಡ ತೆತ್ತರೂ ಹೆಚ್ಚಿನ ಹೇರನ್ನು ಇಳಿಸದೆ ಮುಂದೆ ಹೋಗುವಂತಿಲ್ಲ. ಕೆಲವು ರಾಜ್ಯಗಳಲ್ಲಿ ಮೊದಲೇ ಹಣ ಕಟ್ಟಿಸಿಕೊಂಡು ಚೀಟಿ ಕೊಟ್ಟು ಅತಿಭಾರವನ್ನು ಬಿಡುತ್ತಿದ್ದ ಪದ್ಧತಿಯನ್ನು ಸುಪ್ರೀಂ ಕೋರ್ಟು ೨೦೦೫ರ ನವೆಂಬರಿನಲ್ಲಿಯೇ ಕಾಯಿದೆಗೆ ವಿರುದ್ಧವೆಂದು ಹೇಳಿತು. ನಮ್ಮ ನಾಡಿನಲ್ಲಿಯೂ ಬಳ್ಳಾರಿಯ ಅದಿರಿನ ವಿಷಯವಾಗಿ ಲೋಕಾಯುಕ್ತರು ೨೦೧೧ರಲ್ಲಿ ಕೊಟ್ಟ ವರದಿಯಲ್ಲಿ ಲಾರಿಗಳ ಅತಿಭಾರದ ವಿಚಾರ ವಿಸ್ತಾರವಾಗಿ ಬಂದಿದೆ.

ಕಾಯಿದೆಯ ಮಾತು ನ್ಯಾಯವಾಗಿಯೇ ಇದೆ. ಓಡಿಸುವವನನ್ನು ಮಾತ್ರವಲ್ಲ, ಓಡಿಸುವಂತೆ ಮಾಡಿದವನನ್ನೂ ಓಡಿಸಲು ಬಿಟ್ಟವನನ್ನೂ ಅದು ಹೊಣೆಗಾರರನ್ನಾಗಿ ಮಾಡುತ್ತದೆ. ಆದರೆ ರಸ್ತೆಯಲ್ಲಿ ಕೈಗೆ ಸಿಕ್ಕುವವನು ಒಬ್ಬನೇ. ಸರಕಿನ ಒಡೆಯ ಅಂಗಡಿಯಲ್ಲಿರುತ್ತಾನೆ, ಲಾರಿಯ ಒಡೆಯ ಮನೆಯಲ್ಲಿರುತ್ತಾನೆ. ಮಳೆಯಲ್ಲಿ ನಿಂತು ಕಾಗದಗಳನ್ನು ತೋರಿಸುವವನು ಚಾಲಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಂಥ ಕಡೆ ನೆನಪಿಗೆ ಬರುತ್ತದೆ. ಎಷ್ಟು ಹೇರಬೇಕೆಂಬುದನ್ನು ಅವನು ಗೊತ್ತುಮಾಡಿದವನಲ್ಲ. ಮರಳನ್ನು ಒಣಗಿದ್ದಾಗ ಅಳತೆಯಲ್ಲಿ ತುಂಬಿರುತ್ತಾರೆ. ದಾರಿಯಲ್ಲಿ ಮಳೆ ಸುರಿದರೆ ಅಳತೆ ಅಷ್ಟೇ ಇದ್ದು ತೂಕ ಏರುತ್ತದೆ. ತೂಗಿಸುವ ಕಟ್ಟೆ ಎಲ್ಲೋ ಇರುತ್ತದೆ, ತಡೆಯುವ ಗೇಟು ಇನ್ನೆಲ್ಲೋ.

ತಡೆಯಾದಾಗ ಚಾಲಕನ ಮುಂದೆ ಇರುವ ದಾರಿಗಳು ನಾಲ್ಕು. ಹೇರನ್ನು ಚಿಕ್ಕ ವಾಹನಗಳಿಗೆ ಹಂಚಿ ಕಳುಹಿಸಬಹುದು, ಕೂಲಿ ಇಮ್ಮಡಿಯಾಗುತ್ತದೆ. ಸುತ್ತಿನ ದಾರಿ ಹಿಡಿಯಬಹುದು. ಮಾತಾಡಿದ ಬಾಡಿಗೆ ನೇರ ದಾರಿಯದಾಗಿರುತ್ತದೆ, ಎಣ್ಣೆಯ ಖರ್ಚು ಸುತ್ತುದಾರಿಯದು. ಕಾದು ಕೂರಬಹುದು, ಮೀನು, ತರಕಾರಿ ಕಾಯುವುದಿಲ್ಲ. ಇಲ್ಲವೆ ರಾತ್ರಿಯಲ್ಲಿ, ಮಂಜಿನಲ್ಲಿ, ಯಾರೂ ನೋಡದ ಹೊತ್ತಿಗೆ ಇಳಿದುಬಿಡಬಹುದು. ಈ ನಾಲ್ಕನೆಯದೇ ಎಲ್ಲಕ್ಕಿಂತ ಅಗ್ಗವಾಗಿ ಕಾಣುವಂತೆ ಏರ್ಪಾಡು ಇರುವುದು ಚಾಲಕನ ದುರದೃಷ್ಟ ಮಾತ್ರವಲ್ಲ, ಆ ಹೊತ್ತಿನಲ್ಲಿ ಎದುರಿಗೆ ಬರುವವರ ದುರದೃಷ್ಟವೂ ಹೌದು.

ದಣಿವಿನ ಮಾತನ್ನೂ ಇಲ್ಲಿ ಸೇರಿಸಬೇಕು. ೧೯೬೧ರಲ್ಲಿ ಆದ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಯ ದುಡಿಮೆ ಎಂದು ವಿಧಿಸಿತು. ಅದು ಅನ್ವಯಿಸಿದ್ದು ಐವರು ಅಥವಾ ಹೆಚ್ಚು ಮಂದಿ ಕೆಲಸಗಾರರಿರುವ ಸಂಸ್ಥೆಗಳಿಗೆ. ಒಂದೇ ಲಾರಿ ಇಟ್ಟುಕೊಂಡವನ ಚಾಲಕನಿಗೂ ಕ್ಲೀನರಿಗೂ ಆ ನೆರಳು ಸಿಕ್ಕಲಿಲ್ಲ. ಸುತ್ತುದಾರಿಯಲ್ಲಿ ಹೋದ ಗಂಟೆಗಳನ್ನು ಅವರು ನಿದ್ರೆಯಿಂದ ಕಡಿದು ತುಂಬಿಸುತ್ತಾರೆ.

ಇಷ್ಟೆಲ್ಲ ಕೇಳಿದ ಮೇಲೆ, ಇದು ಸರ್ಕಾರಕ್ಕೂ ಲಾರಿಯವರಿಗೂ ಸೇರಿದ ವಿಚಾರ, ರೇಡಿಯೋದ ಮುಂದೆ ಕುಳಿತ ನಮಗೇನು ಎಂದು ಕೆಲವರಿಗೆ ಅನ್ನಿಸಬಹುದು. ನಾನು ಬಂದದ್ದು ಈ ಪ್ರಶ್ನೆಗಾಗಿಯೇ. ಲಾರಿಯಲ್ಲಿರುವ ಹೇರು ಎಲ್ಲಿಗೆ ಹೋಗುತ್ತಿದೆ? ನಮ್ಮ ಮನೆಗೆ. ನಾವು ಮನೆ ಕಟ್ಟಿಸುವಾಗ, ಎರಡು ಲೋಡು ಯಾಕೆ, ಸ್ವಲ್ಪ ಒತ್ತಿ ತುಂಬಿ ಒಂದರಲ್ಲೇ ತಂದುಬಿಡಿ ಎನ್ನುತ್ತೇವೆ. ಅಂಗಡಿಯವರು ಹಾಗೆಯೇ ಅನ್ನುತ್ತಾರೆ, ಗುತ್ತಿಗೆದಾರರೂ ಹಾಗೆಯೇ. ನಿಯಮದಂತೆ ತರುವ ಲಾರಿಯವನು ಬಾಡಿಗೆ ಹೆಚ್ಚು ಹೇಳಿದರೆ ಅವನನ್ನು ಬಿಟ್ಟು, ಕಡಮೆ ಹೇಳಿದವನನ್ನು ಕರೆಯುತ್ತೇವೆ. ಕಡಮೆ ಹೇಗಾಯಿತೆಂದು ಕೇಳುವುದಿಲ್ಲ. ಹಾಗೆ ಉಳಿಸಿದ ಹಣ ಉಳಿದದ್ದೂ ಅಲ್ಲ. ಆರು ತಿಂಗಳಲ್ಲಿ ಬೀದಿ ಹೊಂಡವಾದಾಗ ರಸ್ತೆ ಮಾಡಿದವರನ್ನು ಬಯ್ಯುತ್ತೇವೆ. ಬಯ್ಯಬೇಕಾದ ಸಂದರ್ಭಗಳೂ ಉಂಟು. ಆದರೆ ಹದಿನಾರು ಮಡಿಯ ಲೆಕ್ಕದಲ್ಲಿ ನಮ್ಮ ಪಾಲೂ ಉಂಟು.

ಆದುದರಿಂದ ಮಾಡಬಹುದಾದ ಕೆಲವು ಸಣ್ಣ ಕೆಲಸಗಳನ್ನು ಸೂಚಿಸುತ್ತೇನೆ. ಮೊದಲನೆಯದು, ತೂಕ ಆಗಬೇಕಾದದ್ದು ತುಂಬುವ ಕಡೆ. ಕಲ್ಲಿನ ಗಣಿ, ಮರಳಿನ ದಡ, ಮಂಡಿಯ ಬಾಗಿಲು, ಇಲ್ಲಿ ತೂಗಿ ಚೀಟಿ ಕೊಟ್ಟರೆ, ದಂಡ ಬಿದ್ದಾಗ ಹೊಣೆ ತುಂಬಿದವರ ಕಡೆಗೂ ಹೋಗುತ್ತದೆ. ಸರಕು ತರಿಸುವವರು ಆ ಚೀಟಿಯನ್ನು ಕೇಳಿ ನೋಡುವ ರೂಢಿ ಮಾಡಿಕೊಳ್ಳಬೇಕು. ಎರಡನೆಯದು, ಬಾಡಿಗೆಯ ಮಾತುಕತೆಯಲ್ಲಿ ಘಾಟಿ ಮುಚ್ಚಿದರೆ ಸುತ್ತುದಾರಿಗೆ ಇಷ್ಟು ಎಂದು ಮೊದಲೇ ಸೇರಿಸುವುದು. ಜೂನ್ ಬಂದರೆ ಮಳೆ ಬರುವುದು ನಮಗೆ ಹೊಸ ಸುದ್ದಿಯೇನಲ್ಲ. ಮೂರನೆಯದು, ತಡೆಯ ಸುದ್ದಿ ತಡೆಯ ಜಾಗಕ್ಕಿಂತ ಮುಂಚೆ ಚಾಲಕನನ್ನು ಮುಟ್ಟಬೇಕು. ಆಗುಂಬೆಯ ಗೇಟಿನಲ್ಲಿ ನಿಲ್ಲಿಸಿದರೆ ಮೂವತ್ತು ಕಿಲೋಮೀಟರು ಹಿಂದಕ್ಕೆ ಬರಬೇಕು. ತೀರ್ಥಹಳ್ಳಿಯಲ್ಲೋ ಶಿವಮೊಗ್ಗದಲ್ಲೋ, ಕೆಳಗಡೆ ಉಡುಪಿ ಹೆಬ್ರಿಗಳಲ್ಲೋ ದೊಡ್ಡ ಅಕ್ಷರದ ಫಲಕವಿದ್ದರೆ ಅಲ್ಲಿಂದಲೇ ತಿರುಗಿಕೊಳ್ಳಬಹುದು. ಫಲಕ ಕನ್ನಡದಲ್ಲಿರುವುದರ ಜೊತೆಗೆ, ದೂರದ ರಾಜ್ಯದಿಂದ ಬಂದ ಚಾಲಕನಿಗೂ ತಿಳಿಯುವಂತೆ ಚಿತ್ರವೂ ಅಂಕಿಯೂ ಇದ್ದರೆ ಒಳ್ಳೆಯದು.

ಸಂಚಾರವನ್ನು ತಡೆಯುವ ಅಧಿಕಾರ ಕೊಡುವ ಕಾಯಿದೆಯಲ್ಲಿಯೇ ಇದಕ್ಕೆ ಆಧಾರವಿದೆ. ಒಂದು ತಿಂಗಳಿಗೆ ಮೀರದ ತಡೆಗೆ ಗೆಜೆಟ್ಟಿನ ಪ್ರಕಟಣೆ ಬೇಕಿಲ್ಲ; ಆದರೆ ಸಂದರ್ಭಕ್ಕೆ ತಕ್ಕ ಸ್ಥಳೀಯ ಪ್ರಚಾರವನ್ನು ಕೊಡಲೇಬೇಕು ಎಂದು ಅಲ್ಲಿ ಹೇಳಿದೆ. ಸ್ಥಳೀಯ ಪ್ರಚಾರವೆಂಬ ಮಾತಿಗೆ ರೇಡಿಯೋಗಿಂತ ತಕ್ಕ ಅರ್ಥ ಯಾವುದು? ಘಟ್ಟದ ಮಗ್ಗುಲಲ್ಲಿ ಫೋನಿನ ಗಂಟೆ ಕೇಳದ ಜಾಗಗಳುಂಟು. ರೇಡಿಯೋ ಅಲ್ಲಿಯೂ ಮಾತಾಡುತ್ತದೆ. ಬೆಳಗಿನ ಸುದ್ದಿಯೊಡನೆ ಹವೆಯ ವರದಿ ಹೇಳುವಂತೆ, ಮಳೆಗಾಲದ ನಾಲ್ಕು ತಿಂಗಳು ಯಾವ ಘಾಟಿ ತೆರೆದಿದೆ, ಯಾವುದರಲ್ಲಿ ಎಷ್ಟು ಭಾರಕ್ಕೆ ಅವಕಾಶ ಎಂಬುದನ್ನು ಎರಡು ವಾಕ್ಯಗಳಲ್ಲಿ ಹೇಳಿದರೆ ಸಾಕು. ಎಷ್ಟೋ ಚಾಲಕರಿಗೆ ಒಂದು ರಾತ್ರಿಯ ನಿದ್ರೆ ಉಳಿಯುತ್ತದೆ.

ಕಾಯಿದೆ ಮಿತಿಯನ್ನು ಹೇಳಿದೆ. ಆ ಮಿತಿಯೊಳಗೆ ದುಡಿದು ಬದುಕುವಷ್ಟು ಬಾಡಿಗೆ ಕೊಡುವುದು ಸರಕು ತರಿಸುವ ನಮ್ಮ ಕೈಯಲ್ಲಿದೆ. ಮುಂದಿನ ಸಲ ಅಂಗಳಕ್ಕೆ ಲಾರಿ ಬಂದು ನಿಂತಾಗ ಎಷ್ಟು ಕೊಡಬೇಕೆಂದು ಕೇಳುವ ಮೊದಲು ಎಷ್ಟು ತಂದಿರಿ, ಯಾವ ದಾರಿಯಲ್ಲಿ ಬಂದಿರಿ ಎಂದು ಒಂದು ಮಾತು ಕೇಳೋಣ.