ದಿಮ್ಮಿ ಎತ್ತಬೇಡಿ, ಉರುಳಿಸಿ: ಯಾವ ಸಲಕರಣೆ ಯಾವ ಕೆಲಸಕ್ಕೆ?

ತೋಟದಲ್ಲಿ ಸಿಲ್ವರ್ ಓಕ್ ಕಡಿಸಿದ್ದೀರಿ, ಮರ ನೆಲಕ್ಕೆ ಬಿದ್ದಿದೆ. ಅಸಲಿ ಕೆಲಸ ಇರೋದು ಇನ್ನು ಮುಂದೆ. ಇಳಿಜಾರಿಗೆ ಜೆಸಿಬಿ ಇಳಿಯಲ್ಲ, ಇಳಿದರೆ ಕಾಫಿ ಗಿಡ ಉಳಿಯಲ್ಲ. ಕೈಯಲ್ಲೇ ಆಗಬೇಕು. ಅದಕ್ಕೆ ಏನು ಬೇಕು, ಏನು ಬೇಡ ಅಂತ ಇವತ್ತು ನೋಡೋಣ.

ಮೊದಲು ತೂಕ. 30 ಸೆಂಟಿಮೀಟರ್ ದಪ್ಪ, 2 ಮೀಟರ್ ಉದ್ದದ ದಿಮ್ಮಿ ತಗೊಳ್ಳಿ. ಹಸಿ ಮರ ಘನ ಮೀಟರಿಗೆ 900 ಕೆಜಿ ಅಂತ ಅಂದಾಜು ಹಿಡಿದರೆ, ಇದು ಹತ್ತಿರ ಹತ್ತಿರ 125 ಕೆಜಿ. ದಪ್ಪ 60 ಸೆಂಟಿಮೀಟರ್ ಆದರೆ? ತೂಕ ನಾಲ್ಕರಷ್ಟು, ಅಂದರೆ 500 ಕೆಜಿ. ಎತ್ತೋ ಮಾತೇ ಇಲ್ಲ. ಉರುಳಿಸುವಾಗ ಮಾತ್ರ ಭಾರ ನೆಲದ ಮೇಲೇ ಇರುತ್ತೆ. ಹಾಗಾಗಿ ಉರುಳಿಸೋ ಸಲಕರಣೆ ಮೊದಲು, ಎತ್ತೋದು ಆಮೇಲೆ.

ಹಾರೆ ಎಲ್ಲರ ಮನೆಯಲ್ಲೂ ಇದೆ. ಮಣ್ಣಲ್ಲಿ ಹೂತ ದಿಮ್ಮಿಯನ್ನ ಕಲ್ಲು ಆನಿಸಿ ಮೀಟೋಕೆ ಅದಕ್ಕಿಂತ ಒಳ್ಳೇದಿಲ್ಲ. ಆದರೆ ಅದು ಮರವನ್ನ ಹಿಡಿದುಕೊಳ್ಳಲ್ಲ. ಹಾರೆ ತೆಗೆದು ಮತ್ತೆ ತೂರಿಸೋ ಅಷ್ಟರಲ್ಲಿ ದಿಮ್ಮಿ ಹಿಂದಕ್ಕೆ ಬಂದಿರುತ್ತೆ.

ಆ ಕೊರತೆ ತುಂಬೋದು ಕ್ಯಾಂಟ್ ಹುಕ್. ನಾಲ್ಕೈದು ಅಡಿ ಕಾವು, ಅದರ ಬುಡದ ಹತ್ತಿರ ಆಡುವ ಒಂದು ಬಾಗಿದ ಕೊಕ್ಕೆ. ಕೊಕ್ಕೆ ತೊಗಟೆಗೆ ಕಚ್ಚುತ್ತೆ. ಕಾವಿಗೆ ಬಲ ಹಾಕಿದಷ್ಟೂ ಹಿಡಿತ ಬಿಗಿಯಾಗುತ್ತೆ.

ಇದರ ತಮ್ಮ ಪೀವಿ. 1850ರ ದಶಕದಲ್ಲಿ ಅಮೆರಿಕದ ಮೇನ್ ರಾಜ್ಯದ ಕಮ್ಮಾರ ಜೋಸೆಫ್ ಪೀವಿ ರೂಪಿಸಿದ್ದು. ನದಿಯಲ್ಲಿ ದಿಮ್ಮಿ ತೇಲಿಬಿಡುವವರಿಗೆ ಹಳೇ ಕೊಕ್ಕೆ ಅಕ್ಕಪಕ್ಕ ಓಲಾಡಿ ಕೈಕೊಡುತ್ತಿತ್ತು. ಅದು ಒಂದೇ ನೇರದಲ್ಲಿ ಆಡುವ ಹಾಗೆ ಕೂರಿಸಿ, ತುದಿಗೆ ಚೂಪು ಮೊನೆ ಕೊಟ್ಟರು. ಸಿಕ್ಕಿಕೊಂಡ ದಿಮ್ಮಿಗಳ ಮಧ್ಯೆ ತೂರಿಸಿ ಬಿಡಿಸೋಕೆ ಆ ಮೊನೆ. ರಾಶಿ ಬಿಡಿಸೋ ಕೆಲಸ ಇಲ್ಲದಿದ್ದರೆ ನಮಗೆ ಅದು ಬೇಕಿಲ್ಲ.

ಕ್ಯಾಂಟ್ ಹುಕ್ಕಿಗೇ ಒಂದು ಕಾಲು ಜೋಡಿಸಿದರೆ ಟಿಂಬರ್‌ಜ್ಯಾಕ್. ದಿಮ್ಮಿಯ ಒಂದು ಭಾಗ ನೆಲ ಬಿಟ್ಟು ಮೇಲೇಳುತ್ತೆ, ಚೈನ್ ಸಾ ಮಣ್ಣಿಗೆ ತಾಗಿ ಮೊಂಡಾಗಲ್ಲ.

ಚಿಕ್ಕ ತುಂಡುಗಳಿಗೆ ಹುಕರೂನ್. ಕೊಡಲಿ ಥರದ ಕಾವು, ಬಾಯಿ ಇರೋ ಕಡೆ ಬಾಗಿದ ಮೊನೆ. ತುಂಡಿಗೆ ಚುಚ್ಚಿ ಎಳೆಯಿರಿ, ಸೊಂಟ ಬಗ್ಗಿಸೋದು ಕಡಿಮೆಯಾಗುತ್ತೆ. ಹೊರಲೇಬೇಕಾದ ದಿಮ್ಮಿಗೆ ದೊಡ್ಡ ಇಕ್ಕಳ. ಆ 125 ಕೆಜಿಯನ್ನ ನಾಲ್ಕು ಜನ ಹಿಡಿದರೂ ತಲೆಗೆ 30 ಕೆಜಿ ಮೇಲಾಯ್ತು, ಮರೆಯಬೇಡಿ.

ಕೊಳ್ಳುವಾಗ ಮೂರು ನೋಡಿ. ಒಂದು, ಕೊಕ್ಕೆಯ ಅಗಲ ನಿಮ್ಮ ತೋಟದ ಮರದ ದಪ್ಪಕ್ಕೆ ಹೊಂದಬೇಕು. ದೊಡ್ಡ ಕೊಕ್ಕೆ ಸಣ್ಣ ದಿಮ್ಮಿ ಮೇಲೆ ಜಾರುತ್ತೆ. ಎರಡು, ಕೊಕ್ಕೆ ಅಕ್ಕಪಕ್ಕ ಅಲ್ಲಾಡಬಾರದು. ಮೂರು, ಕಾವಿನ ಎಳೆ ಉದ್ದಕ್ಕೂ ನೇರವಾಗಿರಬೇಕು, ಗಂಟು ಇರಬಾರದು. ಊರಿನ ಕುಲುಮೆಯಲ್ಲಿ ಮಾಡಿಸೋದಾದರೆ ಕೊಕ್ಕೆಗೆ ಲಾರಿಯ ಹಳೇ ಲೀಫ್ ಸ್ಪ್ರಿಂಗ್ ಕೊಡಿ. ಕಟ್ಟಡದ ಕಂಬಿ ಬಾಗುತ್ತೆ.

ಇಳಿಜಾರಲ್ಲಿ ಯಾವಾಗಲೂ ದಿಮ್ಮಿಯ ಮೇಲ್ಗಡೆ ನಿಲ್ಲಿ, ಕೆಳಗೆ ಯಾರೂ ಇರಬಾರದು. ಕಾವನ್ನ ಕಾಲ ಮಧ್ಯೆ ಇಟ್ಟುಕೊಳ್ಳಬೇಡಿ. ದಿಮ್ಮಿ ಹಿಂದೆ ಉರುಳಿದರೆ ಕಾವು ಒದೆಯುತ್ತೆ. ನಿಲ್ಲಿಸಿದ ಕೂಡಲೇ ಬೆಣೆ ಕೊಡಿ.

ಒಂದೇ ಒಂದು ಕೊಳ್ಳೋದಾದರೆ ನನ್ನ ಸಲಹೆ ಟಿಂಬರ್‌ಜ್ಯಾಕ್, ಕಾಲು ಬಿಚ್ಚಿ ಹಾಕುವಂಥದ್ದು. ಕಾಲು ಬಿಚ್ಚಿದರೆ ಅದೇ ಕ್ಯಾಂಟ್ ಹುಕ್. ಹಾರೆ ಹೇಗೂ ಮನೆಯಲ್ಲಿದೆ. ಸಾಧಾರಣ ತೋಟಕ್ಕೆ ಇವೆರಡು ಸಾಕು.